ಮಹಡಿಮನೆ ಮೇಡಂ ಮತ್ತು ರಂಗೋಲಿ ಪುಸ್ತಕ

ಮೊನ್ನೆ ಕಪಾಟು ಒರೆಸುವಾಗ, ನಮ್ಮ ಯಜಮಾನರು ಎಂದೋ ನುಂಗಲು ಮರೆತಿದ್ದ ಕ್ಯಾಪ್ಸೂಲೊಂದು ಬೆರಳಿಗೆ ಸಿಕ್ಕಿ ಒಡೆಯಿತು. ಗಂಧಕವೋ, ಮುಗ್ಗಿದ ಹಿಟ್ಟೋ ಎನ್ನುವಂಥ ವಾಸನೆ. ಆ ವಾಸನೆಯ ಹಿಂದೆಯೇ ಬನಶಂಕರಿಯ ನಮ್ಮ ಹಳೆಯ ಬಾಡಿಗೆ ಮನೆ ಬಂತು, ಅದರ ಪಕ್ಕದ ಕಲ್ಲುಮೆಟ್ಟಿಲು ಬಂತು, ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತುವ ಮಹಡಿಮನೆ ಮೇಡಂ ಬಂದರು…

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮೇಡಂ ಧಾರವಾಡದ ಕಡೆಯವರು, ಒಬ್ಬರೇ ಇದ್ದರು. ಜಯನಗರದ ಲ್ಯಾಬೊಂದರಲ್ಲಿ ರೋಗಾಣುಗಳನ್ನು ಬೆಳೆಸಿ, ಅವು ಯಾವ ಮದ್ದಿಗೆ ಸಾಯುತ್ತವೆಂದು ನೋಡುವುದು ಅವರ ಕೆಲಸ. ನನ್ನನ್ನು ‘ವೈನಿ’ ಎನ್ನುತ್ತಿದ್ದರು. ಅವರ ಕಡೆ ಅತ್ತಿಗೆಯನ್ನು ಹಾಗೆ ಕರೆಯುತ್ತಾರೆ. ಸಂಜೆ ಬಂದವರು ಮೆಟ್ಟಿಲ ಮೇಲೆಯೇ ಕೂತು ನಮ್ಮತ್ತೆಯ ಜೊತೆ ಹರಟುವರು.

“ಮಗು ಸಾಕೋ ವಯಸ್ಸಲ್ಲಿ ಹುಳ ಸಾಕ್ತೀಯಲ್ಲೇ ತಾಯಿ!” ಎಂದು ಅತ್ತೆ ಛೇಡಿಸಿದರೆ, “ಹುಳಾ ಅಳೂದಿಲ್ಲಲ್ರೀ ಅಜ್ಜಿ, ಅದಕ್ಕ” ಎನ್ನುವರು. ಇಬ್ಬರೂ ನಗುವರು.

ನಮ್ಮ ಬೀದಿಯಲ್ಲೊಂದು ರಂಗೋಲಿ ಪುಸ್ತಕವಿತ್ತು. ಧನುರ್ಮಾಸ ಬಂತೆಂದರೆ ಮನೆಮನೆ ತಿರುಗುತ್ತಿತ್ತು. ಪುಸ್ತಕ ಸಿಕ್ಕವಳು ಇಡಿಯಾಗಿ ನಕಲು ಮಾಡಿಕೊಂಡು, ತನ್ನದೊಂದು ರಂಗೋಲಿ ಸೇರಿಸಿ, ಪಕ್ಕದ ಮನೆಗೆ ದಾಟಿಸಬೇಕು. ಕಾಂಪೌಂಡಿನ ಮೇಲಿಂದ ಹೀಗೆ ದಾಟುತ್ತಿದ್ದ ಇನ್ನೊಂದೆಂದರೆ ಮಿಕ್ಕ ಮಾತ್ರೆಗಳು. ಡಾಕ್ಟರು ಐದು ದಿನಕ್ಕೆ ಬರೆದದ್ದನ್ನು ಎರಡು ದಿನಕ್ಕೆ ನಿಲ್ಲಿಸಿ, ಉಳಿದದ್ದನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿಡುವುದು, ಯಾರಿಗಾದರೂ ಜ್ವರವೆಂದರೆ ಕೊಡುವುದು. ಬೀದಿಗೆಲ್ಲ ನನ್ನ ಡಬ್ಬಿಯೇ ದೊಡ್ಡದು. ನನಗೆ ಅದೊಂದು ಹೆಮ್ಮೆ.

ಅತ್ತೆಗೆ ಸಕ್ಕರೆ ಕಾಯಿಲೆ. ಆ ಚಳಿಗಾಲ ಉರಿಮೂತ್ರ ಶುರುವಾಯಿತು. ಡಬ್ಬಿಯಿಂದ ಎರಡು ದಿನ ಕ್ಯಾಪ್ಸೂಲು ಕೊಟ್ಟೆ. ಉರಿ ಇಳಿಯಿತು, ನಿಲ್ಲಿಸಿದೆ. ತಿಂಗಳೊಳಗೆ ಮತ್ತೆ ಬಂತು, ಮತ್ತೆ ಕೊಟ್ಟೆ. ಮೂರನೆಯ ಸಲ ಚಳಿಜ್ವರ ಬಂದು, ಮಾತು ತೊದಲಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಮೂತ್ರದ ರೋಗಾಣು ಬೆಳೆಸಿ ನೋಡಿ ಕೊಟ್ಟ ಕಲ್ಚರ್ ರಿಪೋರ್ಟ್ ಹಿಡಿದು ಮೆಟ್ಟಿಲ ಬುಡದಲ್ಲಿ ಮೇಡಂಗಾಗಿ ಕಾದೆ. ಪಟ್ಟಿ ತುಂಬ ಮದ್ದಿನ ಹೆಸರು, ಮುಕ್ಕಾಲು ಪಾಲಿನ ಎದುರಿಗೆ ‘ಆರ್’ ಎಂಬ ಅಕ್ಷರ. ಹಾಗಿದ್ದರೆ ಆ ಮದ್ದು ಇನ್ನು ನಾಟುವುದಿಲ್ಲವೆಂದು ಅರ್ಥ.

“ಇದ್ರಲ್ಲಿ ಅರ್ಧ ಮದ್ದು ಅತ್ತೆ ಬಾಯಿಗೇ ಹಾಕಿಲ್ಲ ಮೇಡಂ. ಅದೂ ಯಾಕೆ ನಾಟಲ್ಲ?”

ಮೇಡಂ ಚಪ್ಪಲಿಯನ್ನೂ ಬಿಡದೆ ಕೂತರು. “ನಿಮ್ಮ ರಂಗೋಲಿ ಪುಸ್ತಕ ಅದ ಅಲ್ರೀ ವೈನಿ, ಹಾಂಗ ಈ ಹುಳದ ಹತ್ರಾನೂ ಒಂದು ಇರ್ತದ. ಪ್ಲಾಸ್ಮಿಡ್ ಅಂತಾರ. ಬಳಿ ಹಾಂಗ ದುಂಡಗ, ಸಣ್ಣದು. ಮದ್ದಿನಿಂದ ತಪ್ಪಿಸ್ಕೊಳ್ಳೂ ಉಪಾಯ ಅದರಾಗ ಇರ್ತದ. ತಾಯಿಯಿಂದ ಮಕ್ಕಳಿಗೆ ಹೋಗೂದು ಅಷ್ಟ ಅಲ್ಲ, ಬಾಜೂದ್ದಕ್ಕೂ, ಬ್ಯಾರೆ ಜಾತಿ ಹುಳಕ್ಕೂ ಒಂದು ನಕಲು ಕೊಡ್ತದ, ತನ್ನದು ತನ್ನ ಹತ್ರನ ಇಟ್ಕೊಂಡು. ಒಂದ ಪುಸ್ತಕದಾಗ ನಾಕೈದು ಮದ್ದಿಗೆ ಉಪಾಯ. ಒಂದಕ್ಕಂತ ಇಸ್ಕೊಂಡ್ರ ಎಲ್ಲಾನೂ ಬಂತು.”

“ಮಾತ್ರೇನೇ ಕಲಿಸುತ್ತಾ ಅದನ್ನ?”

“ಕಲಸೂದಿಲ್ರೀ. ಪುಸ್ತಕ ಇಲ್ಲದ್ದನ್ನ ಕೊಲ್ತದ. ಇದ್ದದ್ದು ಉಳದು, ಮನಿತುಂಬ ಅವ ಆಗ್ತಾವ.”

ನನಗೆ ಅತ್ತೆಯ ಮೈಯೊಳಗೊಂದು ಬೀದಿ ಕಂಡಿತು. ಇನ್ನೂ ಮಂಜು ಹರಿಯದ ಬೆಳಗು. ಕಾಣದ ಹೆಂಗಸರು ಗೋಡೆಗಳ ಮೇಲಿಂದ ಬಗ್ಗಿ, ಪಿಸುಗುಟ್ಟುತ್ತ, ಪುಸ್ತಕ ದಾಟಿಸುತ್ತಿದ್ದರು. ಒಂದೊಂದೇ ಬಾಗಿಲ ಮುಂದೆ ದುಂಡನೆಯ ರಂಗೋಲಿ ಏಳುತ್ತಿತ್ತು, ಬೆಳ್ಳಗೆ, ಸದ್ದಿಲ್ಲದೆ… ಚೆಂದವಾಗಿಯೇ ಇತ್ತು. ಅದಕ್ಕೇ ಭಯವಾಯಿತು.

“ಹಾಗಾದ್ರೆ ನಾನೇ ಮಾಡಿದ್ನಾ ಮೇಡಂ?”

‘ಅಲ್ಲ’ ಅಂದುಬಿಡಲಿ ಎಂದು ಅವರ ಮುಖವನ್ನೇ ನೋಡಿದೆ. ಅವರು ರಿಪೋರ್ಟನ್ನು ನಿಧಾನವಾಗಿ ಮಡಿಸಿದರು. “ಆ ಪುಸ್ತಕ ಎಲ್ಲಿಂದ ಬಂತೋ ನಂಗೊತ್ತಿಲ್ರೀ. ನಿಮ್ಮ ಡಬ್ಬಿ ಅದಕ್ಕ ಜಾಗಾ ಮಾಡಿಕೊಟ್ಟಿರಬಹುದು. ಅಲ್ಲ ಅಂತ ಹ್ಯಾಂಗ ಹೇಳ್ಲಿ?”

ಆಸ್ಪತ್ರೆಯವರು ‘ಆರ್’ ಇಲ್ಲದೆ ಉಳಿದಿದ್ದ ಒಂದೆರಡು ಇಂಜೆಕ್ಷನ್‌ಗಳನ್ನೂ ಕೊಟ್ಟು ನೋಡಿದರು. ಹನ್ನೊಂದನೆಯ ದಿನ ಅತ್ತೆ ಹೋದರು.

ಮಾತ್ರೆಗಳನ್ನೆಲ್ಲ ತೆಗೆದುಹಾಕಿ, ಡಬ್ಬಿ ತೊಳೆದು ಸಾಸಿವೆಗೆ ಇಟ್ಟುಕೊಂಡೆ. ಮೇಡಂ ಜೊತೆ ಮಾತು ಬಿಟ್ಟೆ. ಕರ್ಮದ ದಿನಗಳಲ್ಲೆಲ್ಲ ಅವರೇ ಬಂದು ನನ್ನ ಮಕ್ಕಳ ತಲೆ ಬಾಚಿ ಸ್ಕೂಲಿಗೆ ಕಳಿಸಿದರು. ನಾನು ಮುಖ ತಿರುಗಿಸಿಕೊಂಡೇ ಇದ್ದೆ. ಬೀದಿಯವರೆಲ್ಲ “ನಿಮ್ಮದೇನ್ ತಪ್ಪು ಬಿಡಿ” ಎಂದರು. ಮೇಡಂ ಒಬ್ಬರು ಅನ್ನಲಿಲ್ಲವಲ್ಲ… ಒಂದೇ ಒಂದು ಮಾತು. ಮರುವರ್ಷ ಅವರು ಊರಿಗೆ ಹೊರಟಾಗ ಬಾಗಿಲಿಗೆ ಬಂದು “ಹೋಗಿ ಬರ್ತೀನ್ರೀ ವೈನಿ” ಎಂದರು. ಒಳಗಿನಿಂದಲೇ “ಹ್ಞೂಂ” ಎಂದೆ. ಕುಂಕುಮ ಕೊಟ್ಟು ಕಳಿಸಲಿಲ್ಲ.

ಎಷ್ಟೋ ವರ್ಷ ಬೇಕಾಯಿತು, ಬೀದಿಯವರೆಲ್ಲ ನನ್ನನ್ನು ಸಮಾಧಾನಪಡಿಸಿದ್ದರು, ಮೇಡಂ ಮಾತ್ರ ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದರು ಎಂದು ತಿಳಿಯಲು. ಅವರಿಗೂ ಅದು ಸುಲಭವಿರಲಿಲ್ಲ. ಉತ್ತರ ಕೊಡುವ ಮೊದಲು ಅವರು ರಿಪೋರ್ಟನ್ನು ಅಷ್ಟು ಹೊತ್ತು ಮಡಿಸಿದ್ದನ್ನು ನಾನು ಕಂಡಿದ್ದೆ, ಕಂಡೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕಪಾಟಿನ ಆ ಕ್ಯಾಪ್ಸೂಲು ಒಡೆದ ಮೇಲೆ ಎರಡು ದಿನ ತಡೆದು, ಹಳೆಯ ಮನೆ ಓನರ್ ಸೊಸೆಗೆ ಫೋನ್ ಮಾಡಿ ಮೇಡಂ ನಂಬರ್ ಕೇಳಿದೆ.

“ಅಯ್ಯೋ, ನಿಮ್ಗೆ ಗೊತ್ತಿಲ್ವಾ ಆಂಟಿ? ಅವ್ರು ಹೋಗಿ ಎರಡು ವರ್ಷ ಆಯ್ತಲ್ಲ!”

ಫೋನ್ ಇಟ್ಟು, ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಂಡೆ. ಹೊರಬಂದಾಗ ಯಜಮಾನರು ಪೇಪರಿನಿಂದ ತಲೆಯೆತ್ತಿ ನೋಡಿದರು. “ಇದೇನೇ, ಮಟಮಟ ಮಧ್ಯಾಹ್ನ ತಲೆಸ್ನಾನ?”

“ನಮ್ಮೋರೊಬ್ರು ಹೋಗ್ಬಿಟ್ರು” ಎಂದೆ.