ಟೀಚರಮ್ಮನ ಬಾಗಿಲ ಮೇಲಿನ ಬರಹ

ಮೊನ್ನೆ ಮೊಮ್ಮಗಳಿಗೆ ಒಂದು ಡಬ್ಬಿ ಸೀಮೆಸುಣ್ಣ ತಂದುಕೊಟ್ಟೆ. ಮುಚ್ಚಳ ತೆಗೆದದ್ದೇ ತಡ, ಆ ಒಣ ಪುಡಿಯ ವಾಸನೆ ಮೂಗಿಗೆ ಬಡಿಯಿತು ನೋಡಿ, ಎದುರುಮನೆ ಟೀಚರಮ್ಮ ಬಂದು ಪಕ್ಕದಲ್ಲೇ ನಿಂತ ಹಾಗಾಯಿತು. ಅವರ ಸೆರಗು, ಬಳೆ, ಕೊನೆಗೆ ಕನ್ನಡಕದ ಕಡ್ಡಿಗೂ ಇದೇ ವಾಸನೆ ಅಂಟಿರುತ್ತಿತ್ತು. ಎಷ್ಟು ವರ್ಷವಾಯಿತೋ... ಮುಖ ಮಸುಕಾಗಿದೆ, ವಾಸನೆ ಮಾತ್ರ ಹಾಗೇ ಇದೆ.

ನರಸೀಪುರದಲ್ಲಿ ಆಗ ನನ್ನದೊಂದು ಚಿಕ್ಕ ಪ್ರೆಸ್ಸು. ಮನೆಯ ಮುಂದಿನ ಕೋಣೆಯಲ್ಲೇ ಮಷೀನು. ಹೊಟ್ಟೆಪಾಡಿಗೆ ಲಗ್ನಪತ್ರಿಕೆ, ತಿಥಿ ಕಾರ್ಡು. ಚಟಕ್ಕೆ ನಾಲ್ಕು ಪುಟದ ವಾರಪತ್ರಿಕೆ. ಕಬ್ಬಿನ ಬಾಕಿ, ಬನ್ನೂರು ಬಸ್ಸಿನ ಗೋಳು, ಅವರಿವರ ನಿಧನ ವಾರ್ತೆ ಬಿಟ್ಟರೆ ಅದರಲ್ಲಿ ಓದುವಂಥದ್ದೇನೂ ಇರುತ್ತಿರಲಿಲ್ಲ ಅನ್ನಿ. ಮೂರನೇ ಪುಟದ ಮೂಲೆ ಮಾತ್ರ ಟೀಚರಮ್ಮನದು. ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ಅವರು ಅಲ್ಲಿ ಮಕ್ಕಳ ಪದ್ಯ, ಗಾದೆಯ ವಿವರಣೆ, ಹೀಗೆ ಏನಾದರೂ ಬರೆದುಕೊಡುತ್ತಿದ್ದರು. ಗಂಡ ಚಿಕ್ಕ ವಯಸ್ಸಿಗೇ ಹೋಗಿಬಿಟ್ಟಿದ್ದರು. ಇದ್ದವನು ಒಬ್ಬನೇ ಮಗ. ಅಮ್ಮ ಹಾಕಿದ ಗೆರೆ ದಾಟದ ಹುಡುಗ. ದಾಟಿದ್ದು ಒಂದೇ ಸಲ, ಮಿಲಿಟರಿಗೆ ಸೇರುವಾಗ.

ಕಾರ್ಗಿಲ್ ಯುದ್ಧ ಶುರುವಾದ ಬೇಸಿಗೆಯಲ್ಲಿ ಅವನ ಕಾಗದ ನಿಂತುಹೋಯಿತು. ಫೋನೂ ಇಲ್ಲ. ಟೀಚರಮ್ಮ ಸಂಜೆ ನಮ್ಮ ಮನೆಗೆ ಬಂದು ಟೀವಿಯಲ್ಲಿ ವಾರ್ತೆ ನೋಡುತ್ತಿದ್ದರು, ಹಿಮದ ಬೆಟ್ಟ ತೋರಿಸಿದಾಗೆಲ್ಲ ಕುರ್ಚಿಯ ತುದಿಗೆ ಜರುಗುತ್ತಿದ್ದರು. ಆ ವಾರ ಅವರು ಮೂರನೇ ಪುಟಕ್ಕೆ ಕೊಟ್ಟಿದ್ದು ದೆವ್ವದ ಕಥೆ!

ನಾನು ಸುಮ್ಮನಿರುವ ಜಾತಿಯಲ್ಲ. "ಏನ್ ಟೀಚರಮ್ಮ ಇದು, ಊರೆಲ್ಲ ದೇಶಭಕ್ತಿ ಗೀತೆ ಬರೀತಾವ್ರೆ, ನೀವು ದೆವ್ವ ಬಿಡ್ತಿದ್ದೀರಲ್ಲ?" ಎಂದು ರೇಗಿಸಿದೆ.

ಅವರು ನಗಲಿಲ್ಲ. "ಟೀವಿ ನೋಡಿದ್ರೆ ಆಗೋ ಭಯ ನಂ ಕೈಲಿಲ್ಲ ಕಣಪ್ಪ. ಇದು ನಾನೇ ಹುಟ್ಟಿಸ್ಕೊಂಡ ಭಯ. ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೊತ್ತು" ಅಂದರು. ನಾನು ಕಥೆ ಅಚ್ಚಿಗೆ ಹಾಕಿದೆ.

ಆಮೇಲೆ ವಾರಕ್ಕೊಂದು ಬಂತು. ಸಂಗಮದ ಮರಳಲ್ಲಿ ಒದ್ದೆ ಹೆಜ್ಜೆ ಮೂಡಿಸಿ ನಡೆಯುವವಳು, ಬದನವಾಳಿನ ಖಾದಿ ಕೇಂದ್ರದಲ್ಲಿ ಯಾರೂ ಇಲ್ಲದಾಗ ತಿರುಗುವ ಚರಕ... ಹಗಲಲ್ಲಿ ಓದಿದರೂ ಬೆನ್ನು ತಣ್ಣಗಾಗುತ್ತಿತ್ತು. ನನ್ನ ಪತ್ರಿಕೆಗೆ ಜನ ಕಾದು ನಿಲ್ಲುವ ಕಾಲವೂ ಬಂತಲ್ಲ ಎಂದು ನಾನು ಉಬ್ಬಿಹೋಗಿದ್ದೆ.

ಜನ ಮುಗಿಬಿದ್ದು ಓದಿದ್ದು 'ನಾಳೆ ಬಾ' ಕಥೆಯನ್ನು. ನಮ್ಮ ಕಡೆ ಹಳಬರಿಗೆಲ್ಲ ಗೊತ್ತಿರುವ ಸಂಗತಿ ಅದು. ದೆವ್ವವೊಂದು ಮನೆಯವರದೇ ದನಿಯಲ್ಲಿ ಬಾಗಿಲಾಚೆಯಿಂದ ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತದೆ. ಮರುದಿನ ಬಂದು ಅದನ್ನೇ ಓದುತ್ತದೆ, ಮತ್ತೆ ಹೋಗುತ್ತದೆ. ಟೀಚರಮ್ಮ ಅದನ್ನು ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ, ಪತ್ರಿಕೆ ಹಂಚಿದ ಎರಡು ದಿನಕ್ಕೆ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ಸುಣ್ಣದಲ್ಲಿ, ಇದ್ದಿಲಿನಲ್ಲಿ 'ನಾಳೆ ಬಾ'. ಯುದ್ಧದ ಸುದ್ದಿಗೆ ಮೊದಲೇ ಹೆದರಿದ್ದ ಜನ, ಪಾಪ.

ನನ್ನ ತಾಯಿ ನಮ್ಮ ಬಾಗಿಲಿಗೆ ಬರೆದು, ಒಂಟಿ ಹೆಂಗಸು ಎಂಬ ಕನಿಕರದಿಂದ ಎದುರುಮನೆ ಬಾಗಿಲಿಗೂ ಬರೆದುಬಿಟ್ಟರು. ಸಂಜೆ ಸ್ಕೂಲಿಂದ ಬಂದ ಟೀಚರಮ್ಮ ಅದನ್ನು ನೋಡಿದವರೇ ಬ್ಯಾಗು ಕೆಳಗಿಟ್ಟು ಸೆರಗಿನಿಂದ ಗಸಗಸ ಉಜ್ಜತೊಡಗಿದರು.

"ಅಯ್ಯೋ, ಯಾಕ್ರವ್ವ ಅಳಿಸ್ತೀರಾ? ನೀವೇ ಬರ್ದಿದ್ ಕತೆ ಅಲ್ವಾ?" ಎಂದು ತಾಯಿ ಜಗಲಿಯಿಂದಲೇ ಕೂಗಿದರು.

"ನನ್ ಮಗ ಯಾವತ್ತು ಬತ್ತಾನೋ ಗೊತ್ತಿಲ್ಲ ಕಣಮ್ಮ. ಅಷ್ಟು ದೂರದಿಂದ ಬಂದವ್ನು ಮನೆ ಬಾಗಿಲಲ್ಲಿ ಇದನ್ನ ಓದ್ಬೇಕಾ?"

ತಾಯಿ ಎದ್ದು ಒಳಗೆ ಹೋದರು. ಆಮೇಲೆ ಒದ್ದೆ ಬಟ್ಟೆ ತಂದು ನಮ್ಮ ಬಾಗಿಲನ್ನೂ ಒರೆಸಿದರು. ದೆವ್ವ ಬಂದರೆ ಬರಲಿ, ಆ ಮಗುವಿನ ಕಣ್ಣಿಗೆ ಮಾತ್ರ ಈ ಬರಹ ಬೀಳುವುದು ಬೇಡ ಎಂದು ಗೊಣಗಿಕೊಂಡರು.

ಮಳೆ ಹಿಡಿದ ಒಂದು ಮಧ್ಯಾಹ್ನ ತಾಲ್ಲೂಕು ಕಚೇರಿಯ ಜೀಪು ಬಂದು ಟೀಚರಮ್ಮನ ಮನೆ ಮುಂದೆ ನಿಂತಿತು. ಯೂನಿಫಾರಂ ತೊಟ್ಟ ಹುಡುಗನೊಬ್ಬ ಇಳಿದು, ಟೋಪಿ ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತು "ಅಮ್ಮಾ" ಎಂದು ಕರೆದ. ಟೀಚರಮ್ಮ ಒಳಗಿನಿಂದ ಓಡಿಬಂದರು. ಮುಖದಲ್ಲಿ ಎಂಥ ನಗು ಅಂತೀರಿ... ಬಂದವನು ಅವರ ಮಗನಾಗಿರಲಿಲ್ಲ. ಮಗನ ಜೊತೆ ಮಿಲಿಟರಿಯಲ್ಲಿದ್ದವನು. ಸುದ್ದಿ ಹೇಳಲು ಬಂದಿದ್ದ.

ಆ ನಗುವನ್ನು ನಾನು ಯಾಕಾದರೂ ನೋಡಿದೆನೋ.

ಬಾವುಟ ಹೊದಿಸಿದ ಪೆಟ್ಟಿಗೆ ಬಂತು. ಊರಿಗೆ ಊರೇ ಸೇರಿತು. ಹಾರ, ಭಾಷಣ, ಘೋಷಣೆ ಎಲ್ಲ ಆಯಿತು. ನನ್ನ ಪತ್ರಿಕೆಯ ಮೊದಲ ಪುಟಕ್ಕೆ ಅವನ ಫೋಟೋ ಹಾಕಿದೆ. ಮೂರನೇ ಪುಟದ ಮೂಲೆ ಖಾಲಿ ಉಳಿಯಿತು.

ಕಾರ್ಯ ಎಲ್ಲ ಮುಗಿದು ಟೀಚರಮ್ಮ ಸ್ಕೂಲಿಗೆ ಹೋಗತೊಡಗಿದ ಮೇಲೆ ಒಂದು ಬೆಳಿಗ್ಗೆ ನಾನು ಪ್ರೆಸ್ಸಿನ ಬಾಗಿಲು ತೆಗೆಯುತ್ತಿದ್ದೆ. ಎದುರಿಗೆ ಅವರು ತಮ್ಮ ಬಾಗಿಲಿಗೆ ಬೀಗ ಹಾಕಿ, ಬ್ಯಾಗಿನಿಂದ ಸೀಮೆಸುಣ್ಣ ತೆಗೆದು, ಕರಿಹಲಗೆಯ ಮೇಲೆ ಬರೆಯುವ ಅದೇ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದರು... ನಾಳೆ ಬಾ.

ನನಗೆ ಸಿಟ್ಟೇ ಬಂತು. ಹೆತ್ತ ಮಗ ದೆವ್ವವಾಗಿ ಬಂದಾನೆಂದು ಹೆದರುವುದೇ? ಬೀದಿ ದಾಟಿ ಹೋಗಿ ಕೇಳಿಯೇಬಿಟ್ಟೆ. "ಇದೇನ್ ಟೀಚರಮ್ಮ? ಅವತ್ತು ನಮ್ಮಮ್ಮ ಬರ್ದಿದ್ನ ಅಳಿಸಿದ್ರಿ. ಇವತ್ತು ಮಗನಿಗೇ ನಾಳೆ ಬಾ ಅಂತೀರಾ?"

ಅವರು ಸೀಮೆಸುಣ್ಣದ ತುಂಡನ್ನು ಬ್ಯಾಗಿಗೆ ಹಾಕಿಕೊಂಡರು. "ಅವನಿಗೇ ಕಣಪ್ಪ. ಬರೀ ಬಾ ಅಂತ ಬರೆದ್ರೆ ಒಂದ್ ದಿನ ಬಂದು ನೋಡ್ಕೊಂಡು ಹೊಂಟೋಯ್ತಾನೆ. ನಾಳೆ ಬಾ ಅಂದ್ರೆ ದಿನಾ ಬತ್ತಾನೆ. ಅಮ್ಮ ಹೇಳಿದ್ ಮಾತು ಮೀರಲ್ಲ ಅವನು."

ಅಷ್ಟು ಹೇಳಿ ಸ್ಕೂಲಿನ ಕಡೆ ನಡೆದರು. ನಾನು ಆ ಬಾಗಿಲ ಮುಂದೆ ನಿಂತು ಅತ್ತುಬಿಟ್ಟೆ.

ಮಳೆಗೆ ಅಳಿದರೆ ಬೆಳಿಗ್ಗೆ ಮತ್ತೆ ತಿದ್ದಿ ಬರೆಯುತ್ತಿದ್ದರು. ಕಥೆ ಮಾತ್ರ ಬರೆಯಲಿಲ್ಲ. ಕೇಳಿದಾಗ, ಆಗಲ್ಲ ಎಂಬಂತೆ ಕೈಯಲ್ಲಾಡಿಸುತ್ತಿದ್ದರು. ರಿಟೈರಾದ ಮೇಲೂ ಮನೆ ಬಿಡಲಿಲ್ಲ. ತಂಗಿ ನಂಜನಗೂಡಿಗೆ ಬಾ ಎಂದು ಎಷ್ಟು ಕರೆದರೂ, ಬಾಗಿಲು ಇಲ್ಲಿದೆಯಲ್ಲ ಅನ್ನುತ್ತಿದ್ದರು. ಕೊನೆಗೆ ಕಾಯಿಲೆ ಬಿದ್ದಾಗ ತಂಗಿಯೇ ಬಂದು ಕರೆದುಕೊಂಡು ಹೋದರು. ಹೋಗುವ ದಿನವೂ ಬಾಗಿಲ ಮೇಲೆ ಬರೆದೇ ಹೋದರು. ಮತ್ತೆ ಬರಲಿಲ್ಲ. ಅವರ ಸಾವಿನ ಸುದ್ದಿಯನ್ನು ನಾನೇ ಅಚ್ಚು ಹಾಕಿದೆ.

ಮನೆ ಕೊಂಡವರು ಹಳೆಯ ಬಾಗಿಲು ಕಿತ್ತು ಕಬ್ಬಿಣದ ಗೇಟು ಹಾಕಿಸಿದ್ದಾರೆ. ಒಳ್ಳೆಯ ಜನ, ತಪ್ಪು ಹೇಳುವಂತಿಲ್ಲ. ಮೊಮ್ಮಗಳು ಸೀಮೆಸುಣ್ಣ ಹಿಡಿದು "ತಾತ, ಏನ್ ಬರೀಲಿ?" ಎಂದಾಗ ನನ್ನ ಕಣ್ಣು ಆ ಗೇಟಿನ ಕಡೆ ಹೋಯಿತು. ನಿನ್ನ ಹೆಸರು ಬರಿ ಮಗಳೇ ಅಂದೆ. ಟೀಚರಮ್ಮ ಹೋದ ಮೇಲೆ ಆ ಹುಡುಗನಿಗೆ ನಾಳೆ ಬಾ ಅನ್ನುವವರು ಯಾರೂ ಉಳಿದಿಲ್ಲ.