ಟೆಂಪೋಗೆ ಹಾಸಿದ ಹೊಸ ಪಂಚೆ

ಹೊಂಗನೂರಿನ ಪುಟ್ಟಲಿಂಗಯ್ಯನಿಗೆ ದೇವರ ಮೇಲೆ ಭಕ್ತಿ ಇಲ್ಲವೆಂದಲ್ಲ. ಆದರೆ ತನ್ನ ಡೀಸೆಲ್ ಟೆಂಪೋ ಮೇಲೆ ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು. ಬೆಳಗ್ಗೆ ಎದ್ದವನು ಮೊದಲು ಅದಕ್ಕೆ ಕೈ ಮುಗಿದು ಆಮೇಲೆ ಸೂರ್ಯನ ಕಡೆ ತಿರುಗುತ್ತಿದ್ದ. ಊರಿನ ರೇಷ್ಮೆಗೂಡೆಲ್ಲ ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದುದು ಅದರಲ್ಲೇ. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಎದ್ದ ಮೇಲಂತೂ ವಾರದಲ್ಲಿ ನಾಲ್ಕು ದಿನ ಅಲ್ಲಿಯ ಎಣ್ಣೆ ಡ್ರಮ್ಮುಗಳ ಬಾಡಿಗೆ.

ಆ ಡ್ರಮ್ಮುಗಳೇ ಮುಳುವಾದವು. ಹೋದ ವರ್ಷ ಒಂದು ದಿನ, ಹೆಂಡತಿ ತಿಮ್ಮಮ್ಮ ತಲೆಹೊರೆ ಹೊರುವುದು ತಪ್ಪಲಿ ಎಂದು, ತೋಟದ ಹಿಪ್ಪುನೇರಳೆ ಸೊಪ್ಪನ್ನು ಟೆಂಪೋಗೆ ತುಂಬಿಕೊಂಡು ಬಂದ. ತಿಮ್ಮಮ್ಮ ರೇಷ್ಮೆ ಸಾಕುವ ಹುಳದ ಮನೆಯ ಮಡಿ ಅವನಿಗೆ ಗೊತ್ತಿಲ್ಲದ್ದೇನಲ್ಲ. ಬೀಡಿ ಸೇದಿದವನು ಕೈಬಾಯಿ ತೊಳೆಯದೆ ಹೊಸಿಲು ದಾಟುವಂತಿಲ್ಲ. ಬೀಡಿ ನೆನಪಿಟ್ಟವನು ಡ್ರಮ್ಮು ಮರೆತ. ಎಣ್ಣೆ ವಾಸನೆ ಹಿಡಿದ ಸೊಪ್ಪಿನಿಂದ ಹುಳಗಳು ತಲೆ ಎತ್ತಿ ಮುಖ ತಿರುಗಿಸಿದವು. ನಾಲ್ಕು ದಿನದಲ್ಲಿ ಅರ್ಧ ಬೆಳೆ ಹೋಯಿತು.

ತಿಮ್ಮಮ್ಮ ಬೈಯಲಿಲ್ಲ. ಸತ್ತ ಹುಳಗಳನ್ನು ಮಕ್ಕರಿಯಲ್ಲಿ ಹೊತ್ತು ಗುಂಡಿಗೆ ಸುರಿದು ಬಂದು, "ಇನ್ಮೇಲೆ ಸೊಪ್ಪು ನಾನೇ ತತ್ತೀನಿ" ಎಂದಳು, ಅಷ್ಟೆ. ಬೈದಿದ್ದರೆ ವಾಸಿಯಾಗಿತ್ತು. ಆ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಈ ವರ್ಷ ಅವಳು ಚನ್ನಪಟ್ಟಣಕ್ಕೆ ಹೋಗಿ ಒಂದು ಬ್ಯಾಟರಿ ಸ್ಕೂಟರ್ ತಂದಳು. ಐವತ್ತು ದಾಟಿದ ಹೆಂಗಸು! ಲೈಸೆನ್ಸ್ ಬೇಡ, ನಂಬರ್ ಪ್ಲೇಟೂ ಬೇಡ ಎಂದು ಅಂಗಡಿಯವನು ಹೇಳಿದ್ದೇ ಸಾಕಾಯಿತು. ಒಂದು ವಾರ ಕಣದಲ್ಲಿ ಬಿದ್ದೆದ್ದು ಕಲಿತೇಬಿಟ್ಟಳು.

"ಇದೇನೆ, ಸದ್ದೇ ಇಲ್ಲ? ಗಾಡಿ ಅಂದ್ಮೇಲೆ ಒಸಿ ಗುಡುಗ್ಬೇಕು ಕಣೆ" ಎಂದು ಪುಟ್ಟಲಿಂಗಯ್ಯ ಹಂಗಿಸಿದ.

"ಗುಡುಗಕ್ಕೆ ನೀನಿದ್ದೀಯಲ್ಲ. ಹೊಗೆ ಬುಡಕ್ಕೂ ನೀನೇ ಸಾಕು" ಎಂದಳು ಅವಳು, ಅವನ ಕೈಯ ಬೀಡಿ ನೋಡುತ್ತ.

ಕರೆಂಟು ಯಾವಾಗ ಬಂದರೆ ಆವಾಗ ಸ್ಕೂಟರಿಗೆ ವೈರು ಸಿಕ್ಕಿಸುವುದು, ಎರಡೆರಡು ಹೊರೆ ಸೊಪ್ಪು ಕಟ್ಟಿಕೊಂಡು ಬರುವುದು. ಕರೆಂಟು ಕೈಕೊಟ್ಟ ದಿನ ಏರಿನಲ್ಲಿ ಅದನ್ನು ತಳ್ಳಿಕೊಂಡು ಬರುತ್ತಿದ್ದಳು. ಪುಟ್ಟಲಿಂಗಯ್ಯ ಜಗಲಿ ಮೇಲೆ ಕೂತು ಮೀಸೆಯಲ್ಲೇ ನಗುತ್ತಿದ್ದ. ಆದರೂ ಸೊಪ್ಪು ತರುವುದು ಸಲೀಸಾಯಿತಲ್ಲ, ಅದೇ ಧೈರ್ಯದಲ್ಲಿ ಅವಳು ಹುಳ ಎಂದಿಗಿಂತ ದುಪ್ಪಟ್ಟು ಸಾಕಿದಳು.

ಹುಳ ಎಲ್ಲವೂ ಒಂದೇ ಮಧ್ಯಾಹ್ನ ಹಣ್ಣಾದವು. ಹಣ್ಣಾದ ಹುಳ ಕಾಯುವುದಿಲ್ಲ. ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ನೂಲೆಲ್ಲ ತಟ್ಟೆಯಲ್ಲೇ ಚೆಲ್ಲಿ ಹಾಳು. ಮನೆಯ ಚಂದ್ರಿಕೆ ಅರ್ಧಕ್ಕೂ ಸಾಲಲಿಲ್ಲ. ಉಳಿದದ್ದು ಕೆಂಗಲ್ ಹತ್ತಿರ ಅವಳ ಅಕ್ಕ ಶಿವಲಿಂಗಮ್ಮನ ಮನೆಯಲ್ಲಿತ್ತು. ಆಳೆತ್ತರದ ಚಂದ್ರಿಕೆ ಸ್ಕೂಟರ್ ಮೇಲೆ ಒಂದೂ ಕೂರುವಂಥದ್ದಲ್ಲ.

ಹಾರೋಹಳ್ಳಿಯಲ್ಲಿ ಆಗತಾನೆ ಡ್ರಮ್ಮು ಇಳಿಸಿದ್ದ ಪುಟ್ಟಲಿಂಗಯ್ಯನ ಮೊಬೈಲ್ ಹೊಡೆದುಕೊಂಡಿತು. "ನಯ್ನನಪ್ಪ, ಅಕ್ಕನ ಮನೆಯಿಂದ ಮೂವತ್ತು ಚಂದ್ರಿಕೆ ತಂದ್ಬುಡು. ಬೇರೆ ದಾರಿ ಇಲ್ಲ." ಮಗಳ ಹೆಸರು ಹಿಡಿದು ಹಾಗೆ ಕರೆಯುವವಳು ತಿಮ್ಮಮ್ಮ ಒಬ್ಬಳೇ. ಬೇರೆ ದಾರಿ ಇದ್ದಿದ್ದರೆ ತನ್ನನ್ನು ಕೇಳುತ್ತಿರಲಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಶಿವಲಿಂಗಮ್ಮನ ಬಾಗಿಲಲ್ಲಿ ಅವನು ಚಂದ್ರಿಕೆ ಮುಟ್ಟಲಿಲ್ಲ. ಮೊದಲು ಸೀಗೆಪುಡಿ ಕೇಳಿ ಇಸಿದುಕೊಂಡು, ಟೆಂಪೋದ ತಳವನ್ನು ಮೂರು ಸಲ ಉಜ್ಜಿ ತೊಳೆದ. ಮೂಗು ಊರಿ ಮೂಸಿ ನೋಡಿ ನಾಲ್ಕನೇ ಸಲ ತೊಳೆದ. ಹುಲ್ಲು ಹಾಸಿದ. ಆದರೂ ಮನಸ್ಸು ಒಪ್ಪಲಿಲ್ಲ. ಸೀಟಿನ ಮೇಲೆ, ಅಣ್ಣನ ಮಗಳ ಮದುವೆಗೆಂದು ಬೆಳಗ್ಗೆ ಕೊಂಡ ಜರಿಯಂಚಿನ ಪಂಚೆ ಕವರಿನಲ್ಲೇ ಇತ್ತು. ಅದನ್ನೂ ಬಿಚ್ಚಿ ಹುಲ್ಲಿನ ಮೇಲೆ ಹಾಸಿದ.

"ಏನ್ ಪುಟ್ಟಲಿಂಗಯ್ಯ, ಟೆಂಪೋಗೆ ಮದ್ವೆನಾ?" ಎಂದಳು ಶಿವಲಿಂಗಮ್ಮ.

"ಸುಮ್ಕಿರಕ್ಕ, ನಂಗೆ ಭಯ ಆಯ್ತೈತೆ" ಎಂದ ಅವನು.

ಊರು ಮುಟ್ಟಿದಾಗ ತಿಮ್ಮಮ್ಮ ಬಾಗಿಲಲ್ಲೇ ನಿಂತಿದ್ದಳು. ಟೆಂಪೋ ಮನೆ ತನಕ ಬರಲಿಲ್ಲ. ಹೊಗೆ ಹುಳದ ಮನೆಗೆ ನುಗ್ಗೀತೆಂದು ಬೀದಿಯ ಆ ತುದಿಯಲ್ಲೇ ಎಂಜಿನ್ ನಿಲ್ಲಿಸಿ, ನಲ್ಲಿಯಲ್ಲಿ ಮುಖ ಮೈ ತೊಳೆದು, ಪುಟ್ಟಲಿಂಗಯ್ಯ ಮೂವತ್ತು ಚಂದ್ರಿಕೆಗಳನ್ನೂ ಒಂದೊಂದಾಗಿ ತಲೆ ಮೇಲೆ ಹೊತ್ತು ತಂದ. ಊರೆಲ್ಲ ನೋಡಿತು. ನೋಡಲಿ ಬಿಡಿ. ಕಡೆಯದನ್ನು ಇಳಿಸುವ ಹೊತ್ತಿಗೆ ಮೊದಲು ಬಿಟ್ಟ ಹುಳಗಳು ಆಗಲೇ ತಲೆ ಆಡಿಸುತ್ತ ನೂಲು ತೆಗೆಯುತ್ತಿದ್ದವು.

ಮಾರನೆಯ ದಿನ ತಿಮ್ಮಮ್ಮ ಟೆಂಪೋದೊಳಗೆ ಇಣುಕಿ, ಹುಲ್ಲು ಅಂಟಿದ ಜರಿಯಂಚನ್ನು ಕಂಡಳು. ಪಂಚೆ ಕೊಡವಿ ಒಗೆಯಲು ಒಯ್ದಳು.

ಆ ಬೆಳೆ ಚೆನ್ನಾಗಿ ಬಂತು. ಮುಂದಿನ ಹುಳ ಮೇಯಲು ಶುರುವಾದ ಒಂದು ಬೆಳಗ್ಗೆ, ಪುಟ್ಟಲಿಂಗಯ್ಯ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಸೊಪ್ಪು ಕಟ್ಟುವ ಗೋಣಿತಾಟು ಅವನ ಕೈಗೆ ಹಾಕಿದಳು.

"ಸ್ಕೂಟರಿಗೆ ಚಾರ್ಜಿಲ್ಲ. ಸೊಪ್ಪು ನೀನೇ ತಂದ್ಬುಡು."

ಸ್ಕೂಟರ್ ಬಾಗಿಲ ಪಕ್ಕದಲ್ಲೇ ನಿಂತಿತ್ತು. ಚಾರ್ಜ್ ಪೂರ್ತಿ ತುಂಬಿದಾಗ ಹತ್ತುವ ಹಸಿರು ದೀಪ ಉರಿಯುತ್ತಿತ್ತು. ಪುಟ್ಟಲಿಂಗಯ್ಯ ಅದನ್ನು ನೋಡಿದ, ಅವಳನ್ನೂ ನೋಡಿದ. ಸೀಗೆಪುಡಿ ಡಬ್ಬಿ ತೆಗೆದುಕೊಂಡು ಟೆಂಪೋ ತೊಳೆಯಲು ಹೋದ.