ಇಪ್ಪತ್ತನಾಲ್ಕು ಗಂಟೆಯ ಲಾಡ್ಜು

ಆ ವರ್ಷ ದಸರಾ ಹತ್ತಿರವಾಗುತ್ತಿದ್ದಂತೆ ಹೋಟೆಲ್ ಸಾಫ್ಟ್‌ವೇರ್ ಮಾರುವವರಿಗೆಲ್ಲ ನನ್ನ ಫೋನ್ ನಂಬರ್ ಸಿಕ್ಕಿಬಿಟ್ಟಿತ್ತು. ಊಟಕ್ಕೆ ಕೂತರೂ ಎದುರಿಗೆ ಲ್ಯಾಪ್‌ಟಾಪ್, ಅದರೊಳಗೆ ಯಾರೋ ಟೈ ಕಟ್ಟಿಕೊಂಡವರು. ಎಲ್ಲರನ್ನೂ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಅವರು ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಿದ್ದರು.

ನಮ್ಮದು ದೇವರಾಜ ಮೊಹಲ್ಲಾದಲ್ಲಿ ಸಣ್ಣದೊಂದು ಲಾಡ್ಜು. ಅಪ್ಪ ಅದನ್ನು ಶುರು ಮಾಡಿದಾಗಿನಿಂದ ಅಲ್ಲಿ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ. ಬೆಳಗಿನ ಜಾವದ ರೈಲಿಗೆ ಬಂದವರು ಮಾರನೆಯ ಬೆಳಗಿನ ಜಾವದವರೆಗೆ ಇರಬಹುದು. ಸಂಜೆ ಐದಕ್ಕೆ ಬಂದವರು ಮಾರನೆಯ ಸಂಜೆ ಐದರವರೆಗೆ. ಯಾವಾಗ ಬಂದರೂ ಎಲ್ಲರೂ ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕೆನ್ನುವ ದೊಡ್ಡ ಹೋಟೆಲುಗಳ ಪದ್ಧತಿ ಅಪ್ಪನಿಗೆ ಶುದ್ಧ ಮೋಸವಾಗಿ ಕಾಣುತ್ತಿತ್ತು. “ಒಂದ್ ದಿನದ ಬಾಡಿಗೆ ಇಸ್ಕೊಂಡ್ಮೇಲೆ ಒಂದ್ ದಿನ ಪೂರ್ತಿ ಕೊಡ್ಬೇಕು ಕಣಮ್ಮ” ಎನ್ನುತ್ತಿದ್ದರು.

ಜನ ಮೆಟ್ಟಿಲು ಹತ್ತಿ ಬಂದು ರೂಮು ಕೇಳುತ್ತಿದ್ದ ಕಾಲಕ್ಕೆ ಇದು ಚೆನ್ನಾಗಿಯೇ ನಡೆಯಿತು. ಈಗ ಎಲ್ಲರೂ ಮೊಬೈಲಿನಲ್ಲೇ ಬುಕ್ ಮಾಡಿ ಬರುತ್ತಾರೆ. ನಾವೂ ಮೂರು ನಾಲ್ಕು ಬುಕಿಂಗ್ ಸೈಟುಗಳಿಗೆ ಸೇರಿಕೊಂಡೆವು. ಒಂದು ಸೈಟಿನಲ್ಲಿ ಹೋದ ರೂಮನ್ನೇ ಇನ್ನೊಂದು ಸೈಟು ಮಾರುತ್ತಿತ್ತು. ಹಿಂದಿನ ದಸರಾದಲ್ಲಿ ಒಂದೇ ರೂಮಿಗೆ ಎರಡೆರಡು ಸಂಸಾರ ಬಂದು ಗಲ್ಲಾದ ಮುಂದೆ ರಂಪವಾಯಿತು. ಆಮೇಲೆ ಅವರು ನಮ್ಮ ಬಗ್ಗೆ ಆನ್‌ಲೈನಿನಲ್ಲಿ ಬರೆದದ್ದನ್ನು ಓದಿದ ಯಾರಿಗೂ ನಮ್ಮಲ್ಲಿಗೆ ಬರಬೇಕೆನಿಸಿರಲಾರದು.

ಅಣ್ಣನಿಗೆ ಸಾಕಾಗಿತ್ತು. ಅವನಿಗೆ ಹಿನಕಲ್‌ನಲ್ಲಿ ಸ್ವಂತ ಹಾರ್ಡ್‌ವೇರ್ ಅಂಗಡಿ ಇದೆ, ಲಾಡ್ಜು ನೋಡಿಕೊಳ್ಳುತ್ತಿದ್ದವಳು ನಾನು. ಬಟ್ಟೆ ಷೋರೂಮಿನವರೊಬ್ಬರು ಇಡೀ ಕಟ್ಟಡವನ್ನು ಲೀಸಿಗೆ ಕೇಳುತ್ತಿದ್ದರು. “ಈ ದಸರಾನೂ ಇಂಗೇ ಆದ್ರೆ ಕೊಟ್ಬುಡೋಣ” ಎಂದು ಅಣ್ಣ ಅಪ್ಪನ ಎದುರಿಗೇ ಹೇಳಿದ. ಅಮ್ಮ ಹೋದ ಮೇಲೆ ಅಪ್ಪ ಬದುಕಿದ್ದದ್ದೇ ಆ ಗಲ್ಲಾದ ಹಿಂದೆ. ಬಂದವರ ಊರು ಕೇಳುವುದು, ಮಳೆ ಬೆಳೆ ಕೇಳುವುದು, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳುವುದು, ಇಷ್ಟೇ ಅವರ ದಿನ. ಅದನ್ನೂ ಕಿತ್ತುಕೊಂಡರೆ ಅಪ್ಪ ಉಳಿಯುವುದಿಲ್ಲ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಅವರನ್ನು ಆ ಕುರ್ಚಿಯಲ್ಲಿ ಉಳಿಸಿಕೊಳ್ಳಬೇಕೆಂದೇ ನಾನು ಅಷ್ಟೆಲ್ಲ ಒದ್ದಾಡಿದ್ದು.

ಎಲ್ಲ ಸೈಟುಗಳನ್ನೂ ಒಂದೇ ಕಡೆ ಕಟ್ಟಿಹಾಕುವ ಸಾಫ್ಟ್‌ವೇರುಗಳಿವೆ ಎಂದು ತಿಳಿದಾಗ ಜೀವ ಬಂದಂತಾಯಿತು. ನೋಡುತ್ತ ಹೋದ ಹಾಗೆ ಜೀವ ಹೋಗತೊಡಗಿತು. ವಿಡಿಯೋ ಕಾಲ್‌ನಲ್ಲಿ ಬಂದ ಒಬ್ಬಾಕೆ ನಮ್ಮಲ್ಲಿ ಸ್ಪಾ ಎಷ್ಟಿವೆ, ರೆಸ್ಟೋರೆಂಟ್ ಎಷ್ಟಿವೆ ಎಂದು ಕೇಳಿದಳು. ಎದುರು ಕ್ಯಾಂಟೀನಿನಿಂದ ಫ್ಲಾಸ್ಕಿನಲ್ಲಿ ಕಾಫಿ ತರಿಸಿಕೊಡುತ್ತೇವೆ ಎಂದೆ. ಅದನ್ನು ಯಾವ ಕಾಲಮ್ಮಿಗೆ ಹಾಕುವುದೆಂದು ಆಕೆಗೆ ತಿಳಿಯಲಿಲ್ಲ. ಬೆಂಗಳೂರಿನಿಂದ ಖುದ್ದಾಗಿ ಬಂದ ಇನ್ನೊಬ್ಬ ಮಹಾಶಯ ಆ ಕಾಫಿಯನ್ನೇ ಎರಡು ಸಲ ಕುಡಿದ. ಡೆಮೋ ಮುಗಿಯುವವರೆಗೂ ಸುಮ್ಮನೆ ಕೂತಿದ್ದ ಅಪ್ಪ ಕೇಳಿದರು: “ಸಂಜೆ ಐದಕ್ಕೆ ಬಂದೋರು ಮಾರನೇ ದಿನ ಐದರವರೆಗೂ ಇರ್ಬೋದಾ ಇದ್ರಲ್ಲಿ?”

“ಆ ಕಾಲ ಹೋಯ್ತು ಸಾರ್” ಎಂದ ಅವನು ನಗುತ್ತ.

ನನಗೆ ಅವನನ್ನು ಕಾಫಿ ಲೋಟದ ಸಮೇತ ಕೆಳಗೆ ಕಳಿಸಬೇಕೆನಿಸಿತು. ಅಪ್ಪ ಮಾತ್ರ ಮೆಟ್ಟಿಲವರೆಗೂ ಹೋಗಿ ಬೀಳ್ಕೊಟ್ಟು ಬಂದರು.

ದಿನಗಳು ಓಡುತ್ತಿದ್ದವು. ಕಡೆಗೆ ಗೋಕುಲಂನಲ್ಲಿ ಗೆಸ್ಟ್‌ಹೌಸ್ ನಡೆಸುವ ನನ್ನ ಹಳೆಯ ಸಹಪಾಠಿಯನ್ನು ಅವಳ ಸಾಫ್ಟ್‌ವೇರ್ ಹೇಗಿದೆ ಎಂದು ಕೇಳಿದೆ. ಯೋಗ ಕಲಿಯಲು ಬರುವ ಫಾರಿನ್ನಿನವರು ಅವಳ ಅತಿಥಿಗಳು. “ನಮ್ದಂತೂ ಒಂದಿನಾನೂ ತೊಂದ್ರೆ ಕೊಟ್ಟಿಲ್ಲ ಕಣೇ, ತಗೋ” ಎಂದಳು. ಆ ಕಂಪನಿಯವನಿಗೆ ಫೋನ್ ಮಾಡಿ ಸಂಜೆ ಐದರ ಅದೇ ಪ್ರಶ್ನೆ ಕೇಳಿದೆ. “ಆಗುತ್ತೆ ಮೇಡಂ, ಸೆಟ್ಟಿಂಗ್ಸ್‌ನಲ್ಲಿದೆ” ಎಂದ. ಅಷ್ಟು ಜನರಲ್ಲಿ ‘ಆಗುತ್ತೆ’ ಎಂದವನು ಅವನೊಬ್ಬನೇ. ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಅವಳ ಅತಿಥಿಗಳು ಬಂದರೆ ತಿಂಗಳುಗಟ್ಟಲೆ ಉಳಿಯುವವರು, ಎಷ್ಟು ಗಂಟೆಗೆ ಹೊರಡಬೇಕೆಂಬ ಮಾತೇ ಆ ಮನೆಯಲ್ಲಿ ಏಳುವುದಿಲ್ಲ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಮೊದಲ ಕೆಲವು ದಿನ ಎಲ್ಲ ಸಲೀಸಾಗಿ ನಡೆಯಿತು. ಬಂದವರ ಹೊತ್ತು ಒತ್ತಿದರೆ ಮಾರನೆಯ ದಿನದ ಅದೇ ಹೊತ್ತಿನವರೆಗೆ ಪರದೆಯ ಮೇಲೆ ಹಸಿರು ಪಟ್ಟಿ ಬರುತ್ತಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ “ಪರ್ವಾಗಿಲ್ವೇ” ಎಂದರು. ಆ ಮಾತಿಗೆ ನಾನು ಹಿಗ್ಗಿಹೋದೆ.

ನವರಾತ್ರಿಯ ಶನಿವಾರ ಮಧ್ಯಾಹ್ನ ಹುಬ್ಬಳ್ಳಿ ಕಡೆಯ ಒಂದು ಸಂಸಾರ ಬಂದು ನಿಂತಿತು. ಗಂಡ, ಹೆಂಡತಿ, ಕಂಕುಳಲ್ಲಿ ಮಗು, ಜೊತೆಗೆ ಏದುಸಿರು ಬಿಡುತ್ತಿದ್ದ ಒಬ್ಬ ಅಜ್ಜಿ. ಅವರು ಬುಕ್ ಮಾಡಿದ್ದ ರೂಮಿನಲ್ಲಿ ಇನ್ನೂ ಜನರಿದ್ದರು. ನಮ್ಮ ಪರದೆಯ ಮೇಲೆ ಅದು ಸಂಜೆ ಐದರವರೆಗೆ ಭರ್ತಿ. ಆದರೆ ಆನ್‌ಲೈನ್ ಸೈಟಿಗೆ ಹೊತ್ತು ಗೊತ್ತಿಲ್ಲ, ತಾರೀಖು ಮಾತ್ರ ಗೊತ್ತು. ಆ ದಿನ ಖಾಲಿಯಾಗುವ ರೂಮೆಂದರೆ ಅದರ ಪ್ರಕಾರ ಹನ್ನೆರಡಕ್ಕೇ ಖಾಲಿ. ಕಂಪನಿಯವನಿಗೆ ಫೋನ್ ಮಾಡಿದರೆ “ಅದು ಸೈಟಿನವರ ಪ್ರಾಬ್ಲಮ್ ಮೇಡಂ” ಎಂದುಬಿಟ್ಟ.

“ರೊಕ್ಕ ಕೊಟ್ಟ ಬುಕ್ ಮಾಡೇವ್ರಿ. ಸಂಜೀತನಕ ಈ ಕೂಸಿನ್ನ ಎಲ್ಲೆ ಮಲಗಸೂಣ?” ಎಂದು ಗಂಡ ಕೇಳಿದ. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಗಲ್ಲಾದ ಹಿಂದಿನ ನಮ್ಮ ಕೋಣೆಯಲ್ಲಿದ್ದದ್ದು ಒಂದೇ ಮಂಚ, ಅಷ್ಟು ಜನಕ್ಕೆ ಅದು ಸಾಲುತ್ತಿರಲಿಲ್ಲ. ಸುತ್ತಲಿನ ಲಾಡ್ಜುಗಳಿಗೆಲ್ಲ ಫೋನ್ ಮಾಡಿದೆ, ದಸರಾದಲ್ಲಿ ಯಾರ ಹತ್ತಿರ ರೂಮಿರುತ್ತದೆ? ಅವತ್ತು ಅಣ್ಣನೂ ಅಲ್ಲೇ ಇದ್ದ. ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದ. ಮುಗಿಯಿತು, ಇನ್ನು ಬಟ್ಟೆ ಅಂಗಡಿಯೇ ಗತಿ ಎಂದುಕೊಂಡೆ.

ರೂಮಿನಲ್ಲಿದ್ದವರು ಕೊಳ್ಳೇಗಾಲದ ಕಡೆಯ ಗಂಡ ಹೆಂಡತಿ. ಹೆಂಡತಿಯ ಚಿಕಿತ್ಸೆಗೆಂದು ತಿಂಗಳು ತಿಂಗಳು ಬರುವವರು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮುಗಿಸಿ ಬಂದು, ಆಕೆ ಒಂದು ನಿದ್ದೆ ತೆಗೆದು, ಸಂಜೆ ಬಸ್ಸಿಗೆ ಹೊರಡುವುದು ಅವರ ರೂಢಿ. ಬೇರೆ ಎಲ್ಲೂ ಸಂಜೆಯವರೆಗೆ ಇರಗೊಡುವುದಿಲ್ಲ ಎಂದೇ ನಮ್ಮಲ್ಲಿಗೆ ಬರುತ್ತಿದ್ದರು. ಅವರನ್ನು ಎಬ್ಬಿಸುವುದೊಂದೇ ನನಗೆ ಉಳಿದಿದ್ದ ದಾರಿ. ನಾನು ಎದ್ದೆ.

ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. “ನೀನ್ ಬ್ಯಾಡ” ಎಂದು ತಾವೇ ಮಂಡಿ ಹಿಡಿದುಕೊಂಡು ಮಹಡಿ ಹತ್ತಿದರು. ಬಾಗಿಲು ತಟ್ಟಿದ್ದು ಕೆಳಗೆ ಕೇಳಿಸಿತು. ಒಮ್ಮೆ ತಟ್ಟಿ ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ ತಟ್ಟಿದರು.

ಮೂವರೂ ಇಳಿದು ಬಂದರು. ಆಕೆ ಗಂಡನ ತೋಳು ಹಿಡಿದಿದ್ದಳು, ಕೆನ್ನೆಯ ಮೇಲೆ ದಿಂಬಿನ ಗುರುತು. ಅವರ ಬ್ಯಾಗು ಅಪ್ಪನ ಕೈಯಲ್ಲಿತ್ತು. ಒಳಗೆ ನಮ್ಮ ಕೋಣೆಯಲ್ಲಿ ಮಲಗಲಿ ಎಂದು ನಾನು ಅಂಗಲಾಚಿದೆ. “ಪರ್ವಾಗಿಲ್ಲ ಬುಡವ್ವ, ಬಸ್ ಸ್ಟ್ಯಾಂಡಲ್ಲೇ ಕೂತ್ಕತೀವಿ” ಎಂದ ಗಂಡ, ತಾನೇ ಏನೋ ತಪ್ಪು ಮಾಡಿದವನ ಹಾಗೆ. ಅಪ್ಪ ಅವರನ್ನು ಆಟೋ ಹತ್ತಿಸಿ ಬಂದು ನನ್ನ ಪಕ್ಕದಲ್ಲಿ ನಿಂತರು.

“ಅದ್ರಲ್ಲಿ ಎಲ್ರಿಗೂ ಹನ್ನೆರಡು ಗಂಟೆ ಅಂತ ಹಾಕ್ಬುಡಮ್ಮ.”

ಹಾಕಿದೆ. ಆಮೇಲೆ ಒಂದು ಬುಕಿಂಗಿನ ಮೇಲೆ ಇನ್ನೊಂದು ಬೀಳಲಿಲ್ಲ, ಒಂದು ಜಗಳವೂ ಆಗಲಿಲ್ಲ. ವಿಜಯದಶಮಿ ಕಳೆದ ಮೇಲೆ ಅಣ್ಣ ಷೋರೂಮಿನವರಿಗೆ ಇಲ್ಲ ಎಂದು ಹೇಳಿ ಬಂದ. ಲಾಡ್ಜು ಉಳಿಯಿತು. ಆ ಶನಿವಾರದಿಂದಾಚೆಗೆ ಮಾತ್ರ ಅಪ್ಪ ಗಲ್ಲಾಕ್ಕೆ ಬರಲಿಲ್ಲ. ಮೊದಲು ಮಂಡಿನೋವು ಎಂದರು. ನಾನು ಬಿಡದೆ ದಿನಾ ಕರೆದೆ, ಅತ್ತೂ ಕರೆದೆ.

“ಬಂದೋರು ಎಷ್ಟ್ ಹೊತ್ತಿಗೆ ಖಾಲಿ ಮಾಡ್ಬೇಕು ಅಂತ ಕೇಳ್ತಾರೆ ಕಣಮ್ಮ” ಎಂದರು ಒಂದು ದಿನ. “ನನ್ ಬಾಯಲ್ಲಿ ಹನ್ನೆರಡು ಅನ್ನೋದು ಬರಲ್ಲ.”